ಮೌಂಟ್ ಐಸಾದಿಂದ ಪೋರ್ಟ್ ಲಿಂಕನ್‌ಗೆ ಎರಡೂವರೆ ಗಂಟೆ

ನನ್ನ ಗಂಡ ನನಗೆ ಸುಳ್ಳು ಹೇಳುತ್ತಿದ್ದಾರೆ ಅನ್ನುವುದು ನನಗೆ ಗೊತ್ತಾಗಿದ್ದು ಒಂದು ಮಂಗಳವಾರ ಮಧ್ಯಾಹ್ನ, ಬಂಗುಡೆ ಕೊಯ್ಯುತ್ತಾ ನಿಂತಿದ್ದಾಗ.

ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೃತಿ ಕೂತಿದ್ದಳು. ಪರ್ತ್‌ನ ಸದರ್ನ್ ರಿವರ್‌ನ ನಮ್ಮ ಮನೆಯಲ್ಲಿ ಹಿಂದಿನ ಕೋಣೆ ಬಾಡಿಗೆಗೆ ಹಿಡಿದಿರುವ ಹುಡುಗಿ, ಮೈಸೂರಿನವಳು. ಹಗಲು ಕಾಲೇಜು, ಸಂಜೆ ಸರ್ವೋದಲ್ಲಿ ಕೆಲಸ. ಪೆಟ್ರೋಲ್ ಬಂಕಿಗೆ ಇಲ್ಲಿಯವರು ಹಾಗೆನ್ನುತ್ತಾರೆ, ಈಗ ಅವಳೂ ಹಾಗೇ ಅನ್ನುತ್ತಾಳೆ. ರಜೆಗೆ ಎಲ್ಲಿಗಾದರೂ ಹೋಗಬೇಕೆಂದು ವಿಮಾನಗಳ ದೂರ, ಹೊತ್ತು ನೋಡುತ್ತಿದ್ದಳು. ಯಾವ ಎರಡು ಊರಿನ ಹೆಸರು ಹಾಕಿದರೂ ಎಷ್ಟು ಕಿಲೋಮೀಟರ್, ಎಷ್ಟು ಗಂಟೆ ಅಂತ ಹೇಳುವ ಒಂದು ಪುಟ ಅದು.

"ನಿಮ್ಮ ಅಂಕಲ್ ಓಡಾಡೋ ದಾರೀನೂ ಹಾಕು ನೋಡೋಣ," ಅಂದೆ ತಮಾಷೆಗೆ. "ಮೌಂಟ್ ಐಸಾದಿಂದ ಪೋರ್ಟ್ ಲಿಂಕನ್‌ಗೆ."

ಹಾಕಿದಳು. "ಸಾವಿರದ ಆರ್ನೂರು ಕಿಲೋಮೀಟರ್ ಹತ್ರ ಹತ್ರ ಆಂಟಿ. ಎರಡೂವರೆ ಗಂಟೆ."

"ಎಷ್ಟು?"

"ಎರಡೂವರೆ."

ನನ್ನ ಕೈಯಲ್ಲಿದ್ದ ಚೂರಿ ನಿಂತಿತು. ಕೆಲಸದ ಮೇಲೆ ಹೋದಾಗಲೆಲ್ಲಾ ನನ್ನ ಗಂಡ ಬ್ರಾಯನ್ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಮೌಂಟ್ ಐಸಾದ ಮೋಟೆಲ್ ಬಿಡುತ್ತಾರೆ. ಪೋರ್ಟ್ ಲಿಂಕನ್ ಮುಟ್ಟುವುದು ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ. ಆರು ತಿಂಗಳಿಂದ ನನಗೆ ಹೇಳುತ್ತಾ ಬಂದಿರುವುದು ಇದೇ. ಇಪ್ಪತ್ತನಾಲ್ಕರಲ್ಲಿ ಎರಡೂವರೆ ಕಳೆದರೆ ಇಪ್ಪತ್ತೊಂದೂವರೆ. ಒಬ್ಬ ಗಂಡಸು ಇಪ್ಪತ್ತೊಂದೂವರೆ ಗಂಟೆಯಲ್ಲಿ ಏನೇನು ಮಾಡಬಹುದು ಅಂತ ನೀವೇ ಯೋಚಿಸಿ.

"ಆದ್ರೆ ಟಿಕೆಟ್ ಮಾತ್ರ ತೋರಿಸ್ತಿಲ್ಲ ಆಂಟಿ," ಅಂದಳು ಕೃತಿ.

"ಎಲ್ಲಾ ಸೀಟೂ ತುಂಬಿರ್ಬೇಕು," ಅಂದೆ.

ನಾನು ವೃದ್ಧಾಶ್ರಮವೊಂದರಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿನ ಅಜ್ಜ ಅಜ್ಜಿಯರ ಮಾತ್ರೆಗಳನ್ನು ಕೊಡುವುದು, ಕೊಟ್ಟಿದ್ದು ಎಷ್ಟು, ಉಳಿದಿದ್ದು ಎಷ್ಟು ಅಂತ ತಾಳೆ ನೋಡುವುದು ನನ್ನ ಪಾಲಿನದು. ಒಂದು ಮಾತ್ರೆ ಕಡಿಮೆ ಬಂದರೆ ಹಾಸಿಗೆಯ ಸಂದಿ, ದಿಂಬಿನ ಕವರ್, ಕೋಟಿನ ಜೇಬು ಎಲ್ಲಾ ಜಾಲಾಡಿ ಹುಡುಕುತ್ತೇನೆ. ಸಿಕ್ಕೇ ಸಿಗುತ್ತದೆ. ಅಂಥವಳಿಗೆ ಇಪ್ಪತ್ತೊಂದೂವರೆ ಗಂಟೆ ಕಡಿಮೆ ಬಂದರೆ ಸುಮ್ಮನಿರಲು ಸಾಧ್ಯವೇ?

ಬ್ರಾಯನ್ ಡಯಾಲಿಸಿಸ್ ಯಂತ್ರ ರಿಪೇರಿ ಮಾಡುವವರು. ಕುವೈತಿನ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷ ಅದೇ ಕೆಲಸ, ಪರ್ತ್‌ಗೆ ಬಂದ ಮೇಲೂ ಅದೇ. ಈ ವರ್ಷ ಅವರ ಕಂಪನಿ ದೂರದ ಎರಡು ಊರುಗಳನ್ನು ಅವರ ತಲೆಗೆ ಕಟ್ಟಿತು. ಹತ್ತು ದಿನ ಮೌಂಟ್ ಐಸಾ, ಒಂದು ವಾರ ಪೋರ್ಟ್ ಲಿಂಕನ್, ಆಮೇಲೆ ಹತ್ತು ದಿನ ಮನೆ. ನಮಗೆ ಮಕ್ಕಳಿಲ್ಲ. ಇಪ್ಪತ್ತೇಳು ವರ್ಷದಿಂದ ನನಗಿರುವುದು ಅವರೊಬ್ಬರೇ, ಅವರಿಗೆ ನಾನೊಬ್ಬಳೇ. ಹಾಗಂತ ನಾನು ನಂಬಿದ್ದೆ.

ನಮ್ಮಲ್ಲಿ ಒಂದು ನಿಯಮವಿದೆ. ವಿಮಾನದ ಚಕ್ರ ನೆಲ ಮುಟ್ಟಿದ ಕೂಡಲೇ ಫೋನ್ ಮಾಡಬೇಕು. ಗಲ್ಫ್‌ನಲ್ಲಿದ್ದ ಮನೆಗಳಲ್ಲೆಲ್ಲಾ ಇದು ಇದ್ದದ್ದೇ. ಮದುವೆಯಾದ ವರ್ಷ ಬ್ರಾಯನ್ ಕುವೈತಿಗೆ ಹೊರಟು ಎರಡು ದಿನ ಸುದ್ದಿಯೇ ಇರಲಿಲ್ಲ. ನಾನು ಮೈಸೂರಿನಲ್ಲಿ ಅಪ್ಪನ ಮನೆಯಲ್ಲಿ ಫೋನಿನ ಪಕ್ಕ ಚಾಪೆ ಹಾಸಿಕೊಂಡು, ಊಟ ಬಿಟ್ಟು, ಅಳುತ್ತಾ ಕೂತಿದ್ದೆ. ಮೂರನೇ ದಿನ ಫೋನ್ ಮಾಡಿ, ಫೋನ್ ಕಾರ್ಡ್ ಸಿಕ್ಕಿರಲಿಲ್ಲ ಅಂದರು. ಆವತ್ತಿನಿಂದ ನೆಲ ಮುಟ್ಟಿದ ಫೋನ್ ಒಂದು ಸಲವೂ ತಪ್ಪಿಲ್ಲ. ಫೋನ್ ಬಂದ ಮೇಲೆ ನಾನು ಒಂದೆರಡು ವಿಷಯ ಕೇಳುತ್ತೇನೆ. ಪಕ್ಕದಲ್ಲಿ ಯಾರು ಕೂತಿದ್ದರು, ಏನು ತಿಂದಿರಿ, ಈಗ ಎಲ್ಲಿ ನಿಂತಿದ್ದೀರಿ, ಆ ನಗು ಯಾರದು, ಅಷ್ಟೇ. ಒಂದೆರಡು ಅಂತ ನಾನು ಅಂದುಕೊಂಡಿದ್ದೆ. ಕೃತಿ ಒಮ್ಮೆ ಪಕ್ಕದಲ್ಲೇ ಕೂತು ಎಣಿಸಿ, "ಹದಿನೇಳು ಆಂಟಿ," ಅಂದಳು. ಆ ಹುಡುಗಿಗೆ ಬೇರೆ ಕೆಲಸವಿಲ್ಲ.

ಗುರುವಾರಗಳ ಫೋನ್ ಮಾತ್ರ ಬೇರೆ ಥರ ಇರುತ್ತಿತ್ತು. ಮೊದಲು ಒಂದು ಮೆಸೇಜ್: "ಐಸಾದಲ್ಲಿ ಫ್ಲೈಟ್ ಲೇಟು, ಇನ್ನೂ ಹೊರಟಿಲ್ಲ." ಮೂರು ಗಂಟೆ ಬಿಟ್ಟು ಓಡುತ್ತಾ ಮಾಡಿದ ಹಾಗೆ ಒಂದು ಫೋನ್: "ಬ್ರಿಸ್ಬೇನ್‌ಗೆ ಬಂದೆ, ಅಡಿಲೇಡ್ ಫ್ಲೈಟ್ ಹತ್ತುತ್ತಾ ಇದ್ದೀನಿ, ಇಡ್ತೀನಿ." ನನ್ನ ಒಂದು ಪ್ರಶ್ನೆಗೂ ಜಾಗವಿಲ್ಲ. ಆರು ಸಲ ಹೋಗಿದ್ದಾರೆ, ಆರು ಸಲವೂ ಲೇಟು. ಅದಿರಲಿ, ಬ್ರಿಸ್ಬೇನ್ ಯಾಕೆ? ಆವತ್ತು ಭೂಪಟ ತೆಗೆದು ನೋಡಿದೆ. ಮೌಂಟ್ ಐಸಾ ಮೇಲೆ, ಪೋರ್ಟ್ ಲಿಂಕನ್ ನೇರ ಕೆಳಗೆ. ಬ್ರಿಸ್ಬೇನ್ ಎಲ್ಲೋ ಬಲಗಡೆ ಸಮುದ್ರದ ದಂಡೆಯಲ್ಲಿ. ಹುಬ್ಬಳ್ಳಿಯಿಂದ ಮೈಸೂರಿಗೆ ಹೋಗುವವರು ಯಾರಾದರೂ ಚೆನ್ನೈಗೆ ಹೋಗಿ ಬರುತ್ತಾರಾ?

ಬ್ರಿಸ್ಬೇನ್‌ನಲ್ಲಿ ಯಾರಿದ್ದಾರೆ ಅಂತ ಯೋಚಿಸಲು ನನಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ನಾರ್ತ್ ಲೇಕ್ಸ್‌ನಲ್ಲಿ ಜೆಸ್ಸಿ ಇದ್ದಾಳೆ. ಕುವೈತಿನಲ್ಲಿ ನಮ್ಮ ಮೇಲಿನ ಮಹಡಿಯಲ್ಲಿದ್ದವಳು. ನನಗಿಂತ ಮೊದಲು ಬ್ರಾಯನ್‌ಗೆ ನೋಡಿದ ಹುಡುಗಿ ಅವಳೇ, ಯಾಕೋ ಕೂಡಿಬರಲಿಲ್ಲ. ಆಮೇಲೆ ಪ್ಯಾಟ್ರಿಕ್ ಅನ್ನುವವನನ್ನು ಮದುವೆಯಾದಳು. ಅವಳ ಬಂಗುಡೆ ಉಪ್ಪಿನಕಾಯಿ ಅಂದರೆ ಕುವೈತಿನಲ್ಲಿದ್ದ, ಬ್ರಾಯನ್‌ನ ಊರು ಕಲ್ಯಾಣಪುರದವರೆಲ್ಲಾ ಬಾಯಿ ಬಾಯಿ ಬಿಡುತ್ತಿದ್ದರು. ಹೋದ ತಿಂಗಳು ಬ್ರಾಯನ್‌ನ ಪೆಟ್ಟಿಗೆಯಲ್ಲಿ ಒಂದು ಬಾಟಲಿ ಬಂಗುಡೆ ಉಪ್ಪಿನಕಾಯಿ ಸಿಕ್ಕಿತ್ತು. "ಅಡಿಲೇಡಿನ ಅಂಗಡೀಲಿ ತಗೊಂಡೆ," ಅಂದಿದ್ದರು. ಬಾಟಲಿಗೆ ಚೀಟಿ ಇರಲಿಲ್ಲ. ಅಂಗಡಿಯವರು ಚೀಟಿ ಇಲ್ಲದೆ ಮಾರುತ್ತಾರಾ?

ಮುಂದಿನ ಸಲ ಮನೆಗೆ ಬಂದಾಗ ಪರೀಕ್ಷೆ ಮಾಡಿದೆ. ನಾವು ಮನೆಯಲ್ಲಿ ಮಾತಾಡುವುದು ಕೊಂಕಣಿ. ಆದರೆ ನಾನು ಬೆಳೆದದ್ದು ಮೈಸೂರಿನಲ್ಲಿ, ಸಿಟ್ಟು ಬಂದರೆ ನನಗೆ ಕನ್ನಡವೇ ಬರುವುದು. ಅವರಿಗೂ ಅದು ರೂಢಿಯಾಗಿದೆ. ಆವತ್ತು ಕನ್ನಡದಲ್ಲೇ ಶುರು ಮಾಡಿದ್ದರಿಂದ ಅವರಿಗೆ ಅನುಮಾನ ಬಂದಿರಬೇಕು.

"ರೀ, ಐಸಾದಿಂದ ಲಿಂಕನ್ ಎಷ್ಟು ದೂರ?"

"ದೂರ ಕಣೇ," ಅಂದರು, ಶೂ ಒರೆಸುತ್ತಾ. "ಇಡೀ ದಿನ ಹೋಗುತ್ತೆ."

ತಲೆ ಎತ್ತಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು. ಅದಲ್ಲದೆ, ಮನೆಯಲ್ಲಿದ್ದ ಆ ಹತ್ತು ದಿನವೂ ಅವರು ಗ್ಯಾರೇಜಿಗೆ ಹೋಗಿ ಗಂಟೆಗಟ್ಟಲೆ ಕಾರ್ ತೊಳೆಯುತ್ತಿದ್ದರು. ನಾನು ಹಿಂದೆಯೇ ಹೋಗಿ ಕೇಳಿದರೆ, "ಏನಿಲ್ಲ." ಕಾಫಿ ಬೇಕಾ ಅಂದರೂ, "ಏನಿಲ್ಲ." ಗುಟ್ಟು ಇಲ್ಲದವರು ಒಂದು ಕಾರನ್ನು ಅಷ್ಟು ಹೊತ್ತು ತೊಳೆಯುವುದಿಲ್ಲ.

ಏನೂ ಬಾಯಿ ಬಿಡದೆ ಅವರನ್ನು ಕಳಿಸಿಕೊಟ್ಟೆ. ಹೇಳಿ ಹಿಡಿದರೆ ಸಿಗುವುದುಂಟೇ? ಹತ್ತು ದಿನ ಕಳೆದು ಅವರು ಐಸಾ ಬಿಡುವ ಗುರುವಾರಕ್ಕೆ ಡ್ಯೂಟಿ ಬದಲಾಯಿಸಿಕೊಂಡೆ. ಕೃತಿಗೆ ಚರ್ಚಿನಲ್ಲಿ ಧ್ಯಾನಕೂಟವಿದೆ ಅಂದೆ. ಬ್ರಾಯನ್‌ಗೆ, "ಡ್ಯೂಟಿಗೆ ಹೊರಟೆ," ಅಂತ ಮೆಸೇಜ್ ಹಾಕಿದೆ. ಬೆಳಿಗ್ಗೆ ಆರಕ್ಕೆ ಪರ್ತ್‌ನಿಂದ ವಿಮಾನ ಹತ್ತಿದೆ. ಒಂದೇ ಬೆಳಿಗ್ಗೆ ಎರಡು ಸುಳ್ಳು ಹೇಳಿದ್ದೇನೆ ಅನ್ನುವುದು ಮೋಡದ ಮೇಲೆ ಹೋದ ಮೇಲೆ ಹೊಳೆಯಿತು. ನನ್ನದು ಸತ್ಯ ಹುಡುಕಲು ಹೇಳಿದ ಸುಳ್ಳು, ಅದು ಬೇರೆ ಅಂದುಕೊಂಡೆ.

ನಾಲ್ಕು ಗಂಟೆಗಿಂತ ಹೆಚ್ಚಿನ ದಾರಿ. ಪರ್ಸಿನಲ್ಲಿ ಜೆಸ್ಸಿಯ ಹಳೆಯ ಕ್ರಿಸ್‌ಮಸ್ ಕಾರ್ಡ್, ಅದರ ಹಿಂದೆ ಅವಳ ವಿಳಾಸ. ಇಳಿದ ಕೂಡಲೇ ಟ್ಯಾಕ್ಸಿ ಮಾಡಿ ನಾರ್ತ್ ಲೇಕ್ಸ್‌ಗೆ ಹೋಗಿ ಬಾಗಿಲು ತಟ್ಟುವುದು ನನ್ನ ಉಪಾಯ. ಬಾಗಿಲು ತೆಗೆದಾಗ ಏನನ್ನಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಜೋಡಿಸುತ್ತಾ ಜೋಡಿಸುತ್ತಾ ಬೇರೆಯದೇ ಹೊಳೆಯಿತು. ಒಳಗೆ ಬ್ರಾಯನ್ ಇದ್ದರೆ? ಇದ್ದರೆ ನಾನು ಗೆದ್ದೆ, ಸರಿ. ಗೆದ್ದು ಆಮೇಲೆ ಯಾರ ಮನೆಗೆ ಹೋಗುವುದು? ನನಗೆ ತುಂಬಾ ಹೆದರಿಕೆಯಾಯಿತು. ಪಕ್ಕದವರು ಕಾಗದದ ಕರವಸ್ತ್ರ ಕೊಟ್ಟ ಮೇಲೆಯೇ ನಾನು ಅಳುತ್ತಿದ್ದೇನೆ ಅಂತ ಗೊತ್ತಾಗಿದ್ದು.

ಬ್ರಿಸ್ಬೇನ್‌ನ ಹೊತ್ತಿನಲ್ಲಿ ಹನ್ನೆರಡೂ ಇಪ್ಪತ್ತಕ್ಕೆ ಇಳಿದೆ. ರೂಢಿಯಂತೆ ಫೋನ್ ಕೈಗೆ ಬಂತು. ನೆಲ ಮುಟ್ಟಿದೆ ಅಂತ ಹೇಳಲು ಯಾರೂ ಇರಲಿಲ್ಲ.

ಹೊರಗೆ ಹೋಗುವ ಮೊದಲು ಸಾಕ್ಷಿ ಗಟ್ಟಿ ಮಾಡಿಕೊಳ್ಳೋಣ ಅನ್ನಿಸಿತು. ವಿಮಾನ ಕಂಪನಿಯ ಕೌಂಟರಿನಲ್ಲಿ ಬಿಳಿ ಕೂದಲಿನ ಹೆಂಗಸೊಬ್ಬಳಿದ್ದಳು. ಮೌಂಟ್ ಐಸಾದಿಂದ ಪೋರ್ಟ್ ಲಿಂಕನ್‌ಗೆ ಹೋಗುವ ನೇರ ವಿಮಾನ ಇವತ್ತು ಎಷ್ಟು ಹೊತ್ತಿಗೆ ಅಂತ ಇಂಗ್ಲಿಷಿನಲ್ಲಿ ಕೇಳಿದೆ.

ಅಂಥದ್ದೊಂದು ಇಲ್ಲವೇ ಇಲ್ಲ ಅಂದಳು.

ಇದೆ, ಎರಡೂವರೆ ಗಂಟೆಯದು, ಅಂತ ಫೋನಿನಲ್ಲಿ ಆ ಪುಟ ತೆಗೆದು ತೋರಿಸಿದೆ. ಕನ್ನಡಕ ಏರಿಸಿ ನೋಡಿ ನಕ್ಕಳು. ಇದು ಬರೀ ಭೂಪಟದ ಮೇಲೆ ಗೆರೆ ಎಳೆದು ಅಳೆದದ್ದು, ಪ್ರಪಂಚದ ಯಾವ ಎರಡು ವಿಮಾನ ನಿಲ್ದಾಣದ ಹೆಸರು ಹಾಕಿದರೂ ಹೀಗೇ ಹೇಳುತ್ತದೆ, ಆ ಗೆರೆಯ ಮೇಲೆ ವಿಮಾನ ಹಾರಬೇಕಲ್ಲ, ಅಂದಳು. ಐಸಾದವರು ಇಲ್ಲಿಗೆ ಬರಬೇಕು, ಇಲ್ಲಿಂದ ಅಡಿಲೇಡ್‌ಗೆ ಹೋಗಿ ರಾತ್ರಿ ಉಳಿದುಕೊಳ್ಳಬೇಕು, ಬೆಳಿಗ್ಗೆ ಸಣ್ಣ ವಿಮಾನ ಹಿಡಿದು ಲಿಂಕನ್‌ಗೆ. ಅಲ್ಲಿಗೆ ಒಂದು ದಿನ ಪೂರ್ತಿ.

ಇಪ್ಪತ್ತೊಂದೂವರೆ ಗಂಟೆಯೂ ಒಂದೇ ಏಟಿಗೆ ಸಿಕ್ಕಿಬಿಟ್ಟಿತು. ಆ ಹೆಂಗಸಿನ ಕೈ ಹಿಡಿದು ಮುತ್ತು ಕೊಡಬೇಕು ಅನ್ನಿಸುವಷ್ಟು ಸಂತೋಷವಾಯಿತು. ಬ್ರಾಯನ್ ಹೇಳಿದ್ದೆಲ್ಲಾ ನಿಜ. ನಾನೆಂಥ ಪೆದ್ದಿ! ಇನ್ನು ಟ್ಯಾಕ್ಸಿ ಬೇಡ, ಜೆಸ್ಸಿಯೂ ಬೇಡ. ಅವರು ಇಳಿಯುವ ಗೇಟಿನಲ್ಲೇ ನಿಂತು ಆಶ್ಚರ್ಯಪಡಿಸೋಣ, ಲೇಟಾದರೂ ಪರವಾಗಿಲ್ಲ, ಕಾಯೋಣ.

"ಐಸಾದ ವಿಮಾನ ಇವತ್ತು ಎಷ್ಟು ತಡ?" ಅಂತ ಕೇಳಿದೆ.

ತಡವಿಲ್ಲ, ಒಂದೂ ಇಪ್ಪತ್ತಕ್ಕೆ ಸರಿಯಾಗಿ ಬರುತ್ತದೆ, ಅಂದಳು. ಗುರುವಾರದ್ದು ತಡವಾಗುವುದು ಅಪರೂಪ ಅಂತಲೂ ಸೇರಿಸಿದಳು.

ಸಂತೋಷ ಬಂದಷ್ಟೇ ಬೇಗ ಇಳಿದುಹೋಯಿತು. ಹಾಗಾದರೆ ಆರು ಸಲ ಲೇಟಾಗಿದ್ದು ಯಾವ ವಿಮಾನ?

ಗೇಟಿನ ಎದುರಿಗೆ ಪುಸ್ತಕದಂಗಡಿಯೊಂದಿತ್ತು. ಅದರ ಕಂಬದ ಹಿಂದೆ ನಿಂತೆ. ಒಂದೂ ಇಪ್ಪತ್ತೈದಕ್ಕೆ ಜನ ಹೊರಬರಲು ಶುರುವಾಯಿತು. ದಪ್ಪ ಬೂಟಿನ ಗಣಿ ಕೆಲಸಗಾರರು, ಮಗು ಎತ್ತಿಕೊಂಡ ಒಬ್ಬಳು, ಅವರ ಹಿಂದೆ ಬ್ರಾಯನ್. ಒಬ್ಬರೇ. ನೀಲಿ ಶರ್ಟು, ಹೆಗಲಿಗೆ ಚೀಲ. ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು ಜೇಬಿನಿಂದ ಫೋನ್ ತೆಗೆದು ಏನೋ ಒತ್ತಿದರು. ನನ್ನ ಕೈಯಲ್ಲಿದ್ದ ಫೋನ್ ನಡುಗಿತು.

"ಐಸಾದಲ್ಲಿ ಫ್ಲೈಟ್ ಲೇಟು. ಇನ್ನೂ ಹೊರಟಿಲ್ಲ."

ನನ್ನ ಕಣ್ಣೆದುರಿಗೆ, ನನಗೇ! ಅಲ್ಲೇ ಹೋಗಿ ಕಾಲರ್ ಹಿಡಿಯಬೇಕು ಅನ್ನಿಸಿತು. ತಡೆದುಕೊಂಡೆ. ಜೆಸ್ಸಿ ಬರಲಿ, ಇಬ್ಬರನ್ನೂ ಒಟ್ಟಿಗೆ ನೋಡುತ್ತೇನೆ ಅಂದುಕೊಂಡೆ.

ಬ್ರಾಯನ್ ಒಂದು ಚಹಾ ಕೊಂಡರು. ಕಿಟಕಿಯ ಪಕ್ಕದ ಸಾಲಿನಲ್ಲಿ ಕೂತರು. ಫೋನನ್ನು ಚೀಲದ ತಳಕ್ಕೆ ಹಾಕಿ ಜಿಪ್ ಎಳೆದರು. ಶೂ ಬಿಚ್ಚಿ, ಕಾಲು ಚಾಚಿ, ಹೊರಗಿನ ವಿಮಾನಗಳನ್ನು ನೋಡುತ್ತಾ ಕೂತುಬಿಟ್ಟರು. ಪಕ್ಕದ ಎರಡೂ ಕುರ್ಚಿ ಖಾಲಿ. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಮೆಲ್ಲಗೆ ಏನೋ ಗುನುಗುತ್ತಿದ್ದರು. ಕುವೈತಿನಲ್ಲಿ ಚರ್ಚಿನ ಗಾಯನ ತಂಡದಲ್ಲಿದ್ದವರು ಅವರು. ಮನೆಯಲ್ಲಿ ಅವರ ಗುನುಗು ಕೇಳಿ ಎಷ್ಟು ವರ್ಷವಾಯಿತು ಅಂತ ನೆನಪು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ.

ಒಂದು ಗಂಟೆ ಕಳೆಯಿತು. ನನ್ನ ಮಂಡಿ ನೋಯುತ್ತಿತ್ತು, ಅಂಗಡಿಯವನು ಎರಡು ಸಲ ಏನು ಬೇಕು ಅಂತ ಕೇಳಿದ್ದ. ಯಾರೂ ಬರಲಿಲ್ಲ. ಯಾರೂ ಬರುವುದಿಲ್ಲ ಅನ್ನುವುದು ನಿಧಾನವಾಗಿ ನನ್ನ ತಲೆಗೆ ಹೋಯಿತು. ನಿಜ ಹೇಳುತ್ತೇನೆ, ಜೆಸ್ಸಿ ಬಂದಿದ್ದರೆ ಎಷ್ಟೋ ವಾಸಿಯಿತ್ತು. ಅವಳ ಜುಟ್ಟು ಹಿಡಿಯಬಹುದಿತ್ತು. ಖಾಲಿ ಕುರ್ಚಿಯ ಜೊತೆ ಹೇಗೆ ಜಗಳ ಆಡುವುದು?

ಆಗಲೇ ಹಿಂದೆ ತಿರುಗಿ ಹೋಗಬಹುದಿತ್ತು. ನನಗೆ ಅಷ್ಟು ಒಳ್ಳೆಯತನ ಇಲ್ಲ. ಹೋಗಿ ಎದುರಿಗೆ ನಿಂತೆ.

"ರೀ."

ತಲೆ ಎತ್ತಿದರು. ಮುಖ ಬಿಳುಚಿಕೊಂಡಿತು. "ಯಾರು ಹೋದ್ರು?" ಅಂದರು. ಹೇಳದೆ ಕೇಳದೆ ಎದುರಿಗೆ ಬಂದು ನಿಂತರೆ ಊರಲ್ಲಿ ಯಾರೋ ಸತ್ತಿದ್ದಾರೆ ಅಂತಲೇ ನಮ್ಮವರು ತಿಳಿಯುವುದು.

"ಯಾರೂ ಇಲ್ಲ."

"ಮತ್ತೆ ಇಲ್ಲಿ?"

"ನೋಡೋಕೆ ಬಂದೆ."

"ಏನನ್ನ?"

"ಜೆಸ್ಸಿನ."

ಅವರು ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. "ಆ ಉಪ್ಪಿನಕಾಯಿ ಅವಳದೇ," ಅಂದರು. "ಒಂದ್ಸಲ ಅವಳೂ ಪ್ಯಾಟ್ರಿಕ್ಕೂ ಇಲ್ಲಿಗೆ ಬಂದು ಕೊಟ್ಟು ಹೋದ್ರು. ನಿನಗೇ ಅಂತ ಕಳಿಸಿದ್ದು. ಹೇಳಿದ್ರೆ ನೀನು ಬಾಯಿಗೆ ಹಾಕ್ತಿದ್ದೆಯಾ?"

ಹಾಕುತ್ತಿರಲಿಲ್ಲ. "ಅದು ಬಿಡಿ. ಫ್ಲೈಟ್ ಲೇಟು ಅಂತ ಯಾಕೆ ಹೇಳಿದ್ರಿ? ಆರು ಸಲ! ಇವತ್ತೂ ಸೇರಿ ಏಳು!"

ಶೂ ಹುಡುಕಿ ಕಾಲಿಗೆ ಹಾಕಿಕೊಂಡರು. ಅದನ್ನು ನೋಡಿ ನನಗೆ ಯಾಕೋ ತುಂಬಾ ಸಂಕಟವಾಯಿತು.

"ಇಳಿದೆ ಅಂದ್ರೆ ಫೋನ್ ಮಾಡ್ಬೇಕಲ್ಲ," ಅಂದರು.

"ಅಷ್ಟೊಂದು ಕಷ್ಟನಾ ನನ್ನ ಜೊತೆ ಮಾತಾಡೋದು? ಅಷ್ಟು ಕೆಟ್ಟವಳಾ ನಾನು?"

"ಕೆಟ್ಟವಳಲ್ಲ ಗ್ಲೋರಿ. ಸುಸ್ತಾಗುತ್ತೆ." ಗಾಜಿನಾಚೆ ನೋಡಿದರು. "ಐಸಾದಲ್ಲಿ ಕೆಲಸ, ಲಿಂಕನ್‌ನಲ್ಲಿ ಕೆಲಸ, ಮನೇಲಿ ನಿನ್ನ ಪ್ರಶ್ನೆ. ನನಗೆ ಅಂತ ಇದ್ದದ್ದು ಈ ಮೂರು ಗಂಟೆ. ಅದನ್ನೂ ಹುಡುಕ್ಕೊಂಡು ಬಂದ್ಬಿಟ್ಟೆ ನೀನು."

ಜೋರಾಗಿ ಹೇಳಿದ್ದರೆ ನಾನೂ ಜೋರಾಗಿ ಹೇಳುತ್ತಿದ್ದೆ. ಅವರ ದನಿಯಲ್ಲಿ ಏನೂ ಇರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತೆ. ಅಡಿಲೇಡ್ ವಿಮಾನಕ್ಕೆ ಕರೆಯುವವರೆಗೆ ಇಬ್ಬರೂ ಹೊರಗಿನ ವಿಮಾನಗಳನ್ನು ನೋಡುತ್ತಾ ಕೂತೆವು. ಏಳುವಾಗ, "ಊಟ ಮಾಡಿದ್ಯಾ?" ಅಂತ ಕೇಳಿದರು. ಮಾಡಿದೆ ಅಂದೆ. ಅದು ಆವತ್ತಿನ ಮೂರನೇ ಸುಳ್ಳು.

ಮುಂದಿನ ಸಲ ಮನೆಗೆ ಬಂದಾಗ ಬ್ರಾಯನ್ ಬದಲಾಗಿದ್ದರು. ನಾನು ಕೇಳುವ ಮೊದಲೇ ಎಲ್ಲಾ ಹೇಳುತ್ತಿದ್ದರು. ಅಂಗಡಿಗೆ ಹೋಗಿ ಬಂದರೆ ಯಾವ ಅಂಗಡಿ, ಯಾರು ಸಿಕ್ಕಿದರು, ಎಷ್ಟು ನಿಮಿಷ ಅಂತ ಒಪ್ಪಿಸುತ್ತಿದ್ದರು. ಹೊರಟ ದಿನ ಟಿಕೆಟ್ಟಿನ ಫೋಟೋ, ಸೀಟಿನ ಫೋಟೋ, ಮೋಟೆಲ್ ಬಾಗಿಲಿನ ಫೋಟೋ ಕಳಿಸಿದರು. ಪೊಲೀಸ್ ಠಾಣೆಯಲ್ಲಿ ಹೇಳಿಕೆ ಕೊಡುವವರ ಹಾಗೆ. ನನಗೆ ಬೇಕಾಗಿದ್ದುದು ಇದೇ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಈಗ ಒಂದು ನಿಮಿಷವೂ ಕಡಿಮೆ ಬರುತ್ತಿರಲಿಲ್ಲ. ಆದರೆ ಆ ಮನುಷ್ಯನನ್ನು ನಾನು ಕಳೆದುಕೊಳ್ಳುತ್ತಿದ್ದೇನೆ ಅನ್ನುವುದು ಜೆಸ್ಸಿಯ ಬಗ್ಗೆ ಅನುಮಾನಪಟ್ಟ ದಿನಗಳಿಗಿಂತ ಈಗ ಸ್ಪಷ್ಟವಾಗಿತ್ತು.

ಐಸಾ ಬಿಡುವ ಗುರುವಾರ ಬಂತು. ನಮ್ಮಲ್ಲಿ ಹನ್ನೊಂದೂ ಇಪ್ಪತ್ತೈದು, ಬ್ರಿಸ್ಬೇನ್‌ನಲ್ಲಿ ಒಂದೂ ಇಪ್ಪತ್ತೈದು. ಫೋನ್ ಬಂತು.

"ಇಳಿದೆ. ಒಂದೂ ಇಪ್ಪತ್ತಕ್ಕೇ ಇಳೀತು," ಅಂದರು ಬ್ರಾಯನ್, ಓದಿ ಹೇಳುವವರ ಹಾಗೆ. "ಪಕ್ಕದಲ್ಲಿ ಒಬ್ಬ ಮುದುಕ ಇದ್ದ. ಸ್ಯಾಂಡ್‌ವಿಚ್ ತಿಂದೆ. ಈಗ ಗೇಟ್ ಹತ್ರ ನಿಂತಿದ್ದೀನಿ. ಅಡಿಲೇಡ್ ಫ್ಲೈಟ್ ನಾಲ್ಕೂವರೆಗೆ. ಇನ್ನೇನು ಕೇಳ್ಬೇಕು?"

ಹದಿನೇಳೂ ಪ್ರಶ್ನೆ ಬಾಯಿಯ ಬಾಗಿಲಲ್ಲಿ ನಿಂತಿದ್ದವು. ಮುದುಕ ಯಾರು, ಸ್ಯಾಂಡ್‌ವಿಚ್ ಎಲ್ಲಿಯದು.

"ರೀ," ಅಂದೆ.

"ಹ್ಞಾಂ."

"ನಿಮ್ಮ ಫ್ಲೈಟ್ ಐಸಾದಿಂದ ಇನ್ನೂ ಹೊರಟೇ ಇಲ್ಲ, ಅಲ್ವಾ?"

ಆ ಕಡೆಯಿಂದ ವಿಮಾನ ನಿಲ್ದಾಣದ ಗದ್ದಲ ಮಾತ್ರ ಬರುತ್ತಿತ್ತು.

"ಹೌದು," ಅಂದರು ಕೊನೆಗೆ. "ಹೌದು ಗ್ಲೋರಿ. ಲೇಟು. ಮೂರು ಗಂಟೆ ಆಗಬಹುದು."

"ಸರಿ. ಇಳಿದ ಮೇಲೆ ಮಾಡಿ."

ನಾನೇ ಇಟ್ಟೆ. ಫೋನನ್ನು ಅಕ್ಕಿ ಡಬ್ಬದ ಹಿಂದೆ ಮುಚ್ಚಿಟ್ಟು, ಬೇಡದ ಪಾತ್ರೆಗಳನ್ನೆಲ್ಲಾ ತೆಗೆದು ತೊಳೆದೆ. ಕೃತಿ ಬಂದು ಏನಾಯಿತು ಆಂಟಿ ಅಂದಳು, ಏನಿಲ್ಲ ಅಂದೆ. ಆ ಮೂರು ಗಂಟೆ ಮುಗಿಯಬೇಕಾಗಿದ್ದು ನಮ್ಮ ಹೊತ್ತಿನಲ್ಲಿ ಎರಡೂ ಇಪ್ಪತ್ತೈದಕ್ಕೆ. ಒಂದೂ ನಲವತ್ತಕ್ಕೇ ಫೋನ್ ಹೊಡೆದುಕೊಂಡಿತು, ಮುಕ್ಕಾಲು ಗಂಟೆ ಮುಂಚೆ.

"ಇಳಿದೆ ಕಣೇ," ಅಂದರು ಬ್ರಾಯನ್. ದನಿ ಹಗುರವಾಗಿತ್ತು.

ಯಾಕಿಷ್ಟು ಬೇಗ, ದನಿ ಯಾಕೆ ಹೀಗಿದೆ, ಪಕ್ಕದಲ್ಲಿ ಯಾರಿದ್ದಾರೆ ಅಂತ ನಾಲಿಗೆಯ ತುದಿಗೆ ಬಂತು. ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ಅವರೇ ಮಾತಾಡಲಿ ಅಂತ ಕಾದೆ.